ಸೊನ್ನೆಯ ಪಟ್ಟಿ

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿರುವ ಅನುದಾನಿತ ಪದವಿ ಕಾಲೇಜಿನ ಗ್ರಂಥಪಾಲಕ ನಾನು. 2023ರ ಏಪ್ರಿಲ್‌ನಲ್ಲಿ, ಮಳೆಗಾಲಕ್ಕೆ ಇನ್ನೂ ಎರಡು ತಿಂಗಳಿರುವಾಗ, ಪ್ರಾಂಶುಪಾಲರು ಕರೆಸಿ, ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಅರ್ಧವನ್ನು ಕಂಪ್ಯೂಟರ್ ಲ್ಯಾಬಿಗೆ ಬಿಟ್ಟುಕೊಡಬೇಕೆಂದರು. ನಮ್ಮಲ್ಲಿರುವುದು ಸುಮಾರು 31,000 ಪುಸ್ತಕ. ಆ ಅರ್ಧ ಕೋಣೆ ಹೋದರೆ 4,000 ಪುಸ್ತಕಗಳು ಬೀದಿಗೆ ಬೀಳುತ್ತವೆ. ‘ಯಾವುದನ್ನು ಯಾರೂ ಓದುತ್ತಿಲ್ಲ ಅನ್ನುವುದನ್ನು ನಿಮ್ಮ ಸಾಫ್ಟ್‌ವೇರೇ ಹೇಳುತ್ತದಲ್ಲ, ಅವನ್ನು ತೆಗೆದುಬಿಡಿ’ ಎಂಬುದು ಅವರ ಸಲಹೆ. ಹೇಳುತ್ತದೆಂದೇ ನಾನೂ ನಂಬಿದ್ದೆ. ಎರಡು ವಾರದಲ್ಲಿ ಪಟ್ಟಿ ಕೊಡುತ್ತೇನೆಂದು ಒಪ್ಪಿಕೊಂಡು ಬಂದೆ. ಆ ಪಟ್ಟಿ ಅಂತಿಮವಾದದ್ದು 14 ತಿಂಗಳ ಮೇಲೆ.

ನಮ್ಮ ಗ್ರಂಥಾಲಯದಲ್ಲಿ 2014ರಿಂದ ಬಳಕೆಯಲ್ಲಿರುವುದು ಕೋಹಾ ಎಂಬ ಮುಕ್ತ ತಂತ್ರಾಂಶ. ನ್ಯೂಜಿಲೆಂಡಿನ ಒಂದು ಪ್ರಾಂತೀಯ ಗ್ರಂಥಾಲಯ ವ್ಯವಸ್ಥೆಗಾಗಿ ಸಿದ್ಧವಾಗಿ 2000ದ ಜನವರಿಯಲ್ಲಿ ಕೆಲಸಕ್ಕಿಳಿದ ಇದಕ್ಕೆ ಮಾವೊರಿ ಭಾಷೆಯ ‘ಉಡುಗೊರೆ’ ಎಂಬ ಪದವನ್ನೇ ಹೆಸರಾಗಿ ಇಟ್ಟಿದ್ದಾರೆ. ಪ್ರತಿಯೊಂದು ಪ್ರತಿಯ ದಾಖಲೆಯಲ್ಲೂ ಅದು ಎಷ್ಟು ಸಲ ಇಶ್ಯೂ ಆಗಿದೆ, ಎಷ್ಟು ಸಲ ನವೀಕರಣಗೊಂಡಿದೆ, ಕೊನೆಯ ಸಲ ಹೊರಹೋದದ್ದು ಯಾವತ್ತು ಎಂಬ ಕಲಮುಗಳಿರುತ್ತವೆ, ಮತ್ತು ಡೇಟಾಬೇಸನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯೂಎಲ್ ಬರೆಯಲು ಬಂದರೆ ಬೇಕಾದ ವರದಿಯನ್ನು ನಾವೇ ತೆಗೆದುಕೊಳ್ಳಬಹುದು. ಇಶ್ಯೂ ಸಂಖ್ಯೆ ಸೊನ್ನೆಗೆ ಸಮ ಎಂಬ ಒಂದೇ ಷರತ್ತು ಕೊಟ್ಟು ಮೊದಲ ವರದಿ ತೆಗೆದೆ. 1,900 ಪುಸ್ತಕ ಬಂದವು. ಕಡಿಮೆಯಾಯಿತಲ್ಲ ಎಂದು ಒಂದು ದಿನವೆಲ್ಲ ತಲೆ ಕೆಡಿಸಿಕೊಂಡ ಮೇಲೆ ಹೊಳೆದದ್ದೇನೆಂದರೆ, ಹಳೆಯ ದಾಖಲೆಗಳಲ್ಲಿ ಎಷ್ಟೋ ಕಡೆ ಆ ಕಲಮಿನಲ್ಲಿ ಸೊನ್ನೆ ಇರಲಿಲ್ಲ, ಅದು ಖಾಲಿಯೇ ಇತ್ತು. ಡೇಟಾಬೇಸಿನ ಮಟ್ಟಿಗೆ ಖಾಲಿ ಬೇರೆ, ಸೊನ್ನೆ ಬೇರೆ. ಖಾಲಿಯನ್ನು ಸೊನ್ನೆಗೆ ಹೋಲಿಸಿದರೆ ಅದು ಹೌದು ಎನ್ನುವುದಿಲ್ಲ. ಖಾಲಿ ಇರುವವನ್ನೂ ಸೇರಿಸಿ ಮತ್ತೆ ಕೇಳಿದಾಗ ಪಟ್ಟಿ 9,400ಕ್ಕೆ ಏರಿತು.

ಸಂಗ್ರಹದ ಸುಮಾರು ಮೂರನೆಯ ಒಂದು ಪಾಲು ಒಮ್ಮೆಯೂ ಹೊರಹೋಗಿಲ್ಲ ಎಂದರೆ ಗಾಬರಿಯಾಗಬೇಕಿತ್ತು. ನನಗೆ ಸಮಾಧಾನವಾಯಿತು, ಓದಿದ್ದು ತಲೆಯಲ್ಲಿತ್ತಲ್ಲ. ಎರವಲಿನ ಶೇ. 80ರಷ್ಟನ್ನು ಸಂಗ್ರಹದ ಶೇ. 20ರಷ್ಟು ಪುಸ್ತಕಗಳೇ ಪೂರೈಸುತ್ತವೆ ಎಂದು ಅಮೆರಿಕದ ರಿಚರ್ಡ್ ಟ್ರೂಸ್‌ವೆಲ್ 1969ರಲ್ಲೇ ತೋರಿಸಿದ್ದರು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಅಲೆನ್ ಕೆಂಟ್ ಮತ್ತು ಸಂಗಡಿಗರು ನಡೆಸಿ 1979ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1969ರಲ್ಲಿ ಅಲ್ಲಿ ಸೇರ್ಪಡೆಯಾದ ಪುಸ್ತಕಗಳಲ್ಲಿ ಸುಮಾರು ಶೇ. 40ರಷ್ಟು ಮುಂದಿನ ಆರು ವರ್ಷಗಳಲ್ಲಿ ಒಮ್ಮೆಯೂ ಎರವಲು ಹೋಗಿರಲಿಲ್ಲ. ಅಂಥ ದೊಡ್ಡ ಕಡೆಯೇ ಹಾಗಾದರೆ ನಮ್ಮದು ಪರವಾಗಿಲ್ಲ ಎಂದುಕೊಂಡು, ಪಟ್ಟಿಯನ್ನು ಮುದ್ರಿಸಿ, ನಮ್ಮ ಸಹಾಯಕರೊಂದಿಗೆ ಸ್ಟ್ಯಾಕಿಗೆ, ಅಂದರೆ ಪುಸ್ತಕದ ರ‍್ಯಾಕುಗಳಿರುವ ಕಡೆಗೆ, ಹೋದೆ.

ಇತಿಹಾಸದ ರ‍್ಯಾಕಿನಿಂದ ಶುರು ಮಾಡಿದೆವು. ಮೂರನೆಯ ಸಾಲಿನಲ್ಲಿ ಪಟ್ಟಿಯ ಪ್ರಕಾರ ಸೊನ್ನೆ ಎಂದಿದ್ದ ಒಂದು ಪುಸ್ತಕವನ್ನು ಎಳೆದರೆ ಅದರ ಬೆನ್ನು ಕಿತ್ತು ಕೈಗೆ ಬಂತು. ಯಾರೂ ಮುಟ್ಟದ ಪುಸ್ತಕದ ಬೆನ್ನು ಹಾಗೆ ಕೀಳುವುದಿಲ್ಲ. ಕೊನೆಯ ಪುಟಕ್ಕೆ ಅಂಟಿಸಿದ್ದ ದಿನಾಂಕದ ಚೀಟಿ ಭರ್ತಿಯಾಗಿ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಚೀಟಿ. ನೇರಳೆ ಶಾಯಿಯ ರಬ್ಬರ್ ಮೊಹರುಗಳು 1996ರಿಂದ 2013ರವರೆಗೆ ಒತ್ತೊತ್ತಾಗಿ ಇದ್ದವು. ಕೋಹಾ ಬಂದ ಮೇಲೆ ಚೀಟಿಗೆ ಮೊಹರು ಹಾಕುವುದನ್ನು ನಾವು ನಿಲ್ಲಿಸಿದ್ದೆವು. ಹಾಗಾದರೆ 2014ರ ನಂತರ? ಸಹಾಯಕರೇ ನೆನಪಿಸಿಕೊಂಡು ಹೇಳಿದರು: ಬಾರ್‌ಕೋಡ್ ಹರಿದುಹೋದ ಪುಸ್ತಕಗಳಿಗೆ ಹೊಸ ಬಾರ್‌ಕೋಡ್ ಹಚ್ಚುವಾಗ, ಹಳೆಯ ದಾಖಲೆಯಲ್ಲೇ ಸಂಖ್ಯೆಯನ್ನು ತಿದ್ದುವ ಬದಲು ಅದನ್ನು ಅಳಿಸಿ ಹೊಸ ದಾಖಲೆಯನ್ನೇ ಸೃಷ್ಟಿಸುವ ಅಭ್ಯಾಸ ನಮ್ಮಲ್ಲಿ ಕೆಲವು ವರ್ಷ ನಡೆದಿತ್ತು. ಹೊಸ ದಾಖಲೆಯ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ. ಬಾರ್‌ಕೋಡ್ ಹರಿಯುವುದು ಹೆಚ್ಚು ಕೈ ಬದಲಾಯಿಸುವ ಪುಸ್ತಕಗಳದ್ದೇ ಆದ್ದರಿಂದ, ಅತಿ ಹೆಚ್ಚು ಓದಿಸಿಕೊಂಡ ಒಂದು ಗುಂಪೇ ನಮ್ಮ ‘ಬೇಡದ ಪುಸ್ತಕ’ಗಳ ಪಟ್ಟಿಗೆ ಬಂದು ಕುಳಿತಿತ್ತು. ಅಳಿಸಿದ ದಾಖಲೆಗಳನ್ನು ಕೋಹಾ ಪೂರ್ತಿ ಎಸೆಯದೆ ಬೇರೊಂದು ಕೋಷ್ಟಕದಲ್ಲಿ ಇಟ್ಟಿರುತ್ತದೆ. ಅಲ್ಲಿಂದ ಅಕ್ಸೆಶನ್ ಸಂಖ್ಯೆಯನ್ನು, ಅಂದರೆ ಪುಸ್ತಕ ಸೇರ್ಪಡೆಯಾದಾಗ ಕೊಡುವ ಕ್ರಮಸಂಖ್ಯೆಯನ್ನು, ಹಿಡಿದು ಹಳೆಯ ಎಣಿಕೆಯನ್ನು ಹೊಸದಕ್ಕೆ ಜೋಡಿಸಲು ಒಂದು ವಾರ ಹಿಡಿಯಿತು.

ಆ ರ‍್ಯಾಕಿನ ಕೆಳಗಿನ ಸಾಲಿನಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳು ಮತ್ತು ಎಂಟನೆಯ ಸಂಪುಟಗಳಿವೆ. ಬಿ.ಎಲ್. ರೈಸ್ ಸಂಪಾದಿಸಿದ, ನಮ್ಮ ಜಿಲ್ಲೆಯ ಶಾಸನಗಳಿರುವ ಸಂಪುಟಗಳು ಅವು. ಇಶ್ಯೂ ಸೊನ್ನೆ. ಆಗಬೇಕಾದದ್ದೂ ಸೊನ್ನೆಯೇ, ಏಕೆಂದರೆ ಮನೆಗೆ ಕೊಡಬಾರದ ಪುಸ್ತಕವೆಂದು ಬೆನ್ನ ಮೇಲೆ ಕೆಂಪು ಅಕ್ಷರದಲ್ಲಿ ನಾವೇ ಗುರುತು ಹಾಕಿದ್ದೇವೆ. ತಮ್ಮೂರಿನ ಕಲ್ಲಿನ ಮೇಲೆ ಏನಿದೆ ಎಂದು ತಿಳಿಯಬಯಸಿ ಹಳ್ಳಿಗಳಿಂದ ವರ್ಷಕ್ಕೆ ಹತ್ತಿಪ್ಪತ್ತು ಜನ ಬರುತ್ತಾರೆ, ಮೇಜಿನ ಬಳಿ ಕುಳಿತು ಬರೆದುಕೊಳ್ಳುತ್ತಾರೆ, ಹೋಗುತ್ತಾರೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನದೂ ಇದೇ ಸ್ಥಿತಿ. ಕೊಡುವುದಿಲ್ಲ ಎಂದು ನಿಯಮ ಮಾಡಿ, ಆಮೇಲೆ ಯಾರೂ ಒಯ್ದಿಲ್ಲ ಎಂದು ದೂರುವಂತಿತ್ತು ನನ್ನ ವರದಿ. ಆಕರ ಗ್ರಂಥಗಳನ್ನೆಲ್ಲ ಲೆಕ್ಕದಿಂದ ಹೊರಗಿಟ್ಟ ಮೇಲೆ, ಬಾರ್‌ಕೋಡಿನ ತಪ್ಪನ್ನೂ ಕಳೆದು, ಪಟ್ಟಿ 7,000ದ ಆಸುಪಾಸಿಗೆ ಇಳಿಯಿತು.

ಅಷ್ಟರಲ್ಲಿ ಮಳೆ ಹಿಡಿಯಿತು; ಮಲೆನಾಡಿನ ಗ್ರಂಥಾಲಯದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೆದ್ದಲು ಮತ್ತು ಬೂಷ್ಟಿನ ಮೇಲೆ ಕಣ್ಣಿಡುವುದೇ ದೊಡ್ಡ ಕೆಲಸವಾದ್ದರಿಂದ ಪಟ್ಟಿ ಹಾಗೆಯೇ ಬಿದ್ದಿತ್ತು.

ಮತ್ತೆ ಕೈಗೆತ್ತಿಕೊಂಡದ್ದು ಅಕ್ಟೋಬರ್‌ನಲ್ಲಿ. ಉಳಿದ ಪುಸ್ತಕಗಳನ್ನು ವಿಷಯವಾರು ವಿಂಗಡಿಸಿದಾಗ ಕನ್ನಡ ಸಾಹಿತ್ಯದ ಪಾಲು ವಿಪರೀತ ದೊಡ್ಡದಾಗಿ ಕಂಡಿತು. ಇದನ್ನು ಗ್ರಂಥಾಲಯ ಸಮಿತಿಯ ಮುಂದಿಟ್ಟಾಗ ಒಬ್ಬರು ‘ಈಗಿನ ಮಕ್ಕಳಿಗೆ ಕನ್ನಡ ಓದಲು ಎಲ್ಲಿ ಆಸಕ್ತಿ’ ಎಂದರು, ಇನ್ನಿಬ್ಬರು ತಲೆದೂಗಿದರು. ಕನ್ನಡ ವಿಭಾಗದ ಮುಖ್ಯಸ್ಥರು ಮಾತ್ರ ಪ್ರತಿ ಪುಸ್ತಕಕ್ಕೂ ಒಬ್ಬ ಓದುಗನಿದ್ದಾನೆ ಎಂಬ, ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ಐದು ಸೂತ್ರಗಳಲ್ಲೊಂದನ್ನು ನನಗೇ ತಿರುಗಿಸಿ ಹೇಳಿ, ಆ ಓದುಗ ನಿಮ್ಮ ಕಂಪ್ಯೂಟರಿನಲ್ಲಿ ಈ ಪುಸ್ತಕವನ್ನು ಹುಡುಕುವುದು ಹೇಗೆ, ತೋರಿಸಿ ಎಂದು ಕೇಳಿದರು. ಗ್ರಂಥಾಲಯದ ಭಾಷಣಗಳೆಲ್ಲ ಆ ಐದು ಸೂತ್ರಗಳಿಂದಲೇ ಆರಂಭವಾಗುವುದರಿಂದ ನನಗೆ ಅವುಗಳ ಮೇಲೆ ಸ್ವಲ್ಪ ಅಸಡ್ಡೆ ಬಂದುಬಿಟ್ಟಿದೆ. ಆದರೂ ಎದ್ದುಹೋಗಿ, ವಿದ್ಯಾರ್ಥಿಗಳು ಬಳಸುವ ಟರ್ಮಿನಲ್‌ನಲ್ಲಿ ಪಟ್ಟಿಯ ಮೊದಲ ಕಾದಂಬರಿಯ ಹೆಸರನ್ನು ಕನ್ನಡದಲ್ಲಿ ಟೈಪಿಸಿದೆ. ಫಲಿತಾಂಶ ಇಲ್ಲ. ಎರಡನೆಯದು, ಮೂರನೆಯದು, ಇಲ್ಲ. ಬಾರ್‌ಕೋಡ್ ಸಂಖ್ಯೆ ಕೊಟ್ಟು ದಾಖಲೆಯನ್ನು ತೆರೆದರೆ, ಶೀರ್ಷಿಕೆಯ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಕೊಂಬು ಚುಕ್ಕಿಗಳಿರುವ ಯುರೋಪಿನ ಅಕ್ಷರಗಳು, ನಡುವೆ ಪೌಂಡಿನ ಚಿಹ್ನೆ.

ಕನ್ನಡ ಟೈಪಿಂಗ್ ಮಾಡಿದವರಿಗೆಲ್ಲ ಈ ಸಾಲಿನ ಪರಿಚಯವಿದೆ. 2014ರಲ್ಲಿ ಪುಸ್ತಕಗಳ ವಿವರವನ್ನು ಎಕ್ಸೆಲ್‌ಗೆ ಏರಿಸಿದವರು ಕನ್ನಡ ಶೀರ್ಷಿಕೆಗಳನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದರು. ಆ ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಅದು ಕನ್ನಡವಾಗಿಯೇ ಕಂಡಿತ್ತು. ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಯೂನಿಕೋಡ್ ಸಂಕೇತದಲ್ಲಿ ಇಲ್ಲದ್ದರಿಂದ ಕೋಹಾಕ್ಕೆ ಅದು ಬರೀ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿತ್ತು. ಒಂಬತ್ತು ವರ್ಷ ಇದು ನನ್ನ ಗಮನಕ್ಕೆ ಬಾರದೆ ಹೋಯಿತು ಎಂದರೆ ಓದುವವರಿಗೆ ಆಶ್ಚರ್ಯವಾಗಬಹುದು. ಕೌಂಟರಿನಲ್ಲಿ ನಾವು ಸ್ಕ್ಯಾನ್ ಮಾಡುವುದು ಬಾರ್‌ಕೋಡನ್ನು, ಶೀರ್ಷಿಕೆಯನ್ನು ಯಾರೂ ಓದುವುದಿಲ್ಲ. ಕನ್ನಡ ಪುಸ್ತಕ ಕೇಳಿಕೊಂಡು ಬಂದವರಿಗೆ ಸಹಾಯಕರು ನೆನಪಿನಿಂದಲೇ ರ‍್ಯಾಕ್ ತೋರಿಸುತ್ತಿದ್ದರು. ಅವರ ನೆನಪಿನಲ್ಲಿದ್ದ ಪುಸ್ತಕಗಳು ಹೊರಹೋದವು, ನೆನಪಿನಲ್ಲಿಲ್ಲದವು ಸೊನ್ನೆಯಾದವು. ವಿದ್ಯಾರ್ಥಿಗಳ ಆಸಕ್ತಿಯನ್ನು ಅಳೆಯುತ್ತಿದ್ದೇನೆಂದುಕೊಂಡು ನಾನು ಅಷ್ಟೂ ದಿನ ಅಳೆದದ್ದು ನನ್ನದೇ ಗ್ರಂಥಸೂಚಿಯ ದೋಷವನ್ನು.

ಸುಮಾರು 2,600 ದಾಖಲೆಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕಾಯಿತು. ಪರಿವರ್ತಕ ತಂತ್ರಾಂಶಗಳು ಇವೆ, ಕೆಲಸವನ್ನೂ ಮಾಡುತ್ತವೆ. ಆದರೆ ಅರ್ಕಾವೊತ್ತು ಇರುವ ಕೆಲವು ಪದಗಳು ಜಾಗ ತಪ್ಪಿ ಬಂದವು, ಮತ್ತು ಲೇಖಕರ ಇನಿಶಿಯಲ್‌ಗಳನ್ನು ಇಂಗ್ಲಿಷಿನಲ್ಲೇ ಟೈಪಿಸಿದ್ದ ಕಡೆಗಳಲ್ಲಿ ಅವೂ ಪರಿವರ್ತನೆಗೊಂಡು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಮೂಡಿದವು. ಕನ್ನಡ ವಿಭಾಗದ ಆರು ವಿದ್ಯಾರ್ಥಿನಿಯರು ಪುಸ್ತಕವನ್ನು ಕೈಯಲ್ಲಿ ಹಿಡಿದು ಒಂದೊಂದೇ ದಾಖಲೆಯನ್ನು ತಾಳೆ ನೋಡಿದರು. ನಡುವೆ ಅವರೇ ಇಷ್ಟವಾದದ್ದನ್ನು ಪಕ್ಕಕ್ಕಿಟ್ಟುಕೊಂಡು ಸಂಜೆ ಇಶ್ಯೂ ಮಾಡಿಸಿಕೊಂಡು ಹೋಗತೊಡಗಿದ್ದರಿಂದ, ಸೊನ್ನೆಯ ಪಟ್ಟಿ ಸಿದ್ಧವಾಗುತ್ತಿದ್ದಾಗಲೇ ಕರಗಲು ಶುರುವಾಯಿತು.

ಗ್ರಂಥಾಲಯದೊಳಗೇ ಕುಳಿತು ಓದುವ ಪುಸ್ತಕಗಳ ಲೆಕ್ಕ ಇನ್ನೊಂದು ತೊಡಕು. ಪೊಲೀಸ್ ಕಾನ್‌ಸ್ಟೇಬಲ್, ಪಿಡಿಒ, ಕೆಎಎಸ್ ಎಂದು ಪರೀಕ್ಷೆಗಳಿಗೆ ತಯಾರಾಗುವ ಹಳೆಯ ವಿದ್ಯಾರ್ಥಿಗಳಿಗೆ ನಾವು ಕೂರಲು ಅವಕಾಶ ಕೊಡುತ್ತೇವೆ, ಎರವಲು ಕಾರ್ಡ್ ಕೊಡುವುದಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅವರು ಓದುವ ಪುಸ್ತಕ ಲೆಕ್ಕಕ್ಕೆ ಬರುವುದಿಲ್ಲ. ಕೋಹಾದಲ್ಲಿ ಇದಕ್ಕೊಂದು ದಾರಿಯಿದೆ: ಇಶ್ಯೂ ಆಗದ ಪುಸ್ತಕವನ್ನು ರಿಟರ್ನ್ ಮಾಡಿದಂತೆ ಸ್ಕ್ಯಾನ್ ಮಾಡಿದರೆ ಅದನ್ನು ಒಳಬಳಕೆ ಎಂದು ಪ್ರತ್ಯೇಕವಾಗಿ ದಾಖಲಿಸುವಂತೆ ಸೆಟ್ಟಿಂಗ್ ಬದಲಿಸಿಕೊಳ್ಳಬಹುದು. ಸಂಜೆ ಮೇಜಿನ ಮೇಲೆ ಉಳಿದ ಪುಸ್ತಕಗಳನ್ನೆಲ್ಲ ರ‍್ಯಾಕಿಗೆ ಇಡುವ ಮೊದಲು ಸ್ಕ್ಯಾನ್ ಮಾಡುವುದೆಂದು ನಿಶ್ಚಯಿಸಿದೆವು. ಮೊದಲ ವಾರ ಏನೂ ಸಿಗಲಿಲ್ಲ. ‘ಓದಿದ ಪುಸ್ತಕವನ್ನು ತೆಗೆದ ಜಾಗದಲ್ಲೇ ಇಡಿ’ ಎಂದು ಗೋಡೆಯ ಮೇಲೆ ಹಾಕಿದ್ದ ಫಲಕವನ್ನು ಮಕ್ಕಳು ಶ್ರದ್ಧೆಯಿಂದ ಪಾಲಿಸುತ್ತಿದ್ದರು. ಫಲಕವನ್ನು ಕಿತ್ತು, ಮೇಜಿನ ಮೇಲೆಯೇ ಬಿಡಿ ಎಂದು ಹೊಸದನ್ನು ಬರೆಸಿದ ಮೇಲೂ ಹಳೆಯ ರೂಢಿ ಬಿಡಲು ಒಂದೂವರೆ ತಿಂಗಳು ಬೇಕಾಯಿತು. ಆಮೇಲೆ ಬಂದ ಅಂಕಿಗಳಲ್ಲಿ, ಎರವಲಿನಲ್ಲಿ ಕೊನೆಯಲ್ಲಿದ್ದ ಭೂಗೋಳ ಮತ್ತು ಭಾರತದ ಸಂವಿಧಾನದ ಪುಸ್ತಕಗಳು ಒಳಬಳಕೆಯಲ್ಲಿ ಎಲ್ಲಕ್ಕಿಂತ ಮುಂದಿದ್ದವು.

ಸೊನ್ನೆಯನ್ನು ನಂಬಬಾರದೆಂದು ಹೀಗೆ ತಿಳಿಯಿತು. ದೊಡ್ಡ ಸಂಖ್ಯೆಗಳೂ ಅಷ್ಟೇ ಅಪನಂಬಿಕೆಗೆ ಅರ್ಹವೆಂದು ತಿಳಿಯಲು ಸ್ವಲ್ಪ ಹಣ ಕಳೆದುಕೊಳ್ಳಬೇಕಾಯಿತು. ವಾಣಿಜ್ಯ ವಿಭಾಗದಲ್ಲಿ ಅತಿ ಹೆಚ್ಚು ಎರವಲು ಹೋದ ಮೊದಲ ಹತ್ತು ಪುಸ್ತಕಗಳಲ್ಲಿ ಮೂರು ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್ ಕುರಿತವು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ದಿನವೇ ಅವುಗಳ ಆಯುಷ್ಯ ಮುಗಿದಿತ್ತು, ಆದರೆ ಅದಕ್ಕೆ ಹಿಂದಿನ ಮೂರು ವರ್ಷಗಳ ಇಶ್ಯೂಗಳ ಬಲದಿಂದ ಒಟ್ಟು ಎಣಿಕೆಯಲ್ಲಿ ಇನ್ನೂ ಮೆರೆಯುತ್ತಿದ್ದವು. ಒಟ್ಟು ಎಣಿಕೆಯ ಬದಲು ಕೊನೆಯ ಸಲ ಹೊರಹೋದ ದಿನಾಂಕವನ್ನು ನೋಡಿದರೆ ಇದು ಕೂಡಲೇ ಗೊತ್ತಾಗುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ಬುಕ್ ಬ್ಯಾಂಕಿನಿಂದ ಕೊಡುವ ಪುಸ್ತಕಗಳದ್ದು ಇದಕ್ಕೆ ವಿರುದ್ಧ. ಅವನ್ನು ಸೆಮಿಸ್ಟರಿಗೆ ಪೂರ್ತಿಯಾಗಿ ಕೊಡುವುದರಿಂದ ನಾಲ್ಕು ತಿಂಗಳ ಓದು ಒಂದೇ ಇಶ್ಯೂ ಎಂದು ದಾಖಲಾಗುತ್ತದೆ. ಹದಿನೈದು ದಿನದ ಎರವಲಿಗೆ ಹೋಗುವ ಅದೇ ಶೀರ್ಷಿಕೆಯ ಇನ್ನೊಂದು ಪ್ರತಿ ಅಷ್ಟರಲ್ಲಿ ಐದಾರು ಸಲ ಹೋಗಿ ಬಂದಿರುತ್ತದೆ. ಸಂಖ್ಯೆಯನ್ನಷ್ಟೇ ನೋಡಿದ್ದರೆ, ಹೆಚ್ಚು ಬೇಕಾದವರ ಕೈಯಲ್ಲಿರುವ ಪ್ರತಿಗಳನ್ನೇ ನಾನು ಕಡಿಮೆ ಬಳಕೆಯವೆಂದು ಬರೆದಿಡುತ್ತಿದ್ದೆ.

ಇದೇ ಹದಿನೈದು ದಿನದ ಲೆಕ್ಕದಲ್ಲಿ ಇನ್ನೊಂದು ಮಿತಿಯೂ ಅಡಗಿದೆ. ಹದಿನಾರು ವಾರದ ಸೆಮಿಸ್ಟರಿನಲ್ಲಿ ಒಂದು ಪ್ರತಿ ಹೆಚ್ಚೆಂದರೆ ಏಳು ಬಾರಿ ಪೂರ್ಣ ಅವಧಿಗೆ ಹೋಗಿ ಬರಬಹುದು. ಆರು ಇಶ್ಯೂ ಆಗಿದೆಯೆಂದರೆ ಅದು ರ‍್ಯಾಕಿನಲ್ಲಿ ನಿಂತೇ ಇಲ್ಲ ಎಂದರ್ಥ. ಅದನ್ನು ಕೇಳಿ ಬಂದು ಬರಿಗೈಯಲ್ಲಿ ಹೋದವರು ಎಷ್ಟು ಮಂದಿ ಎಂಬುದಕ್ಕೆ ದಾಖಲೆಯೇ ಇಲ್ಲ. ತಂತ್ರಾಂಶದಲ್ಲಿ ಕಾಯ್ದಿರಿಸುವ ಸೌಲಭ್ಯವಿದ್ದರೂ ನಮ್ಮ ಮಕ್ಕಳು ಕೌಂಟರಿಗೆ ಬಂದು ‘ಸರ್, ಆ ಬುಕ್ ಬಂತಾ’ ಎಂದು ಬಾಯಲ್ಲೇ ಕೇಳಿ ಹೋಗುತ್ತಾರೆ. ಹಾಗಾಗಿ 200 ಪುಟದ ಒಂದು ನೋಟ್‌ಬುಕ್ ತಂದು ಕೌಂಟರಿಗೆ ದಾರದಲ್ಲಿ ಕಟ್ಟಿ, ಯಾರು ಏನು ಕೇಳಿ ಇಲ್ಲವೆಂದು ಹಿಂದಿರುಗಿದರೂ ಪುಸ್ತಕದ ಹೆಸರನ್ನು ಅಥವಾ ವಿಷಯವನ್ನು ಅದರಲ್ಲಿ ಬರೆಯುವ ಏರ್ಪಾಡು ಮಾಡಿದೆ. ಕೇಳಿದವರ ಹೆಸರು ಬೇಡ ಎಂದೆ. ಇಡೀ ಪ್ರಯತ್ನದಲ್ಲಿ ನನಗೆ ಅತ್ಯಂತ ಉಪಯುಕ್ತವಾದ ಮಾಹಿತಿ ಬಂದದ್ದು ಈ ನೋಟ್‌ಬುಕ್ಕಿನಿಂದ. ‘ಕಾಸ್ಟ್ ಅಕೌಂಟಿಂಗ್, ಕನ್ನಡದಲ್ಲಿ’, ‘ಅರ್ಥಶಾಸ್ತ್ರ ಅಂಕಿಅಂಶ, ಕನ್ನಡ ಮಾಧ್ಯಮ’ ಎಂಬಂಥ ಸಾಲುಗಳು ಪುಟಪುಟದಲ್ಲೂ ಇದ್ದವು. ನಮ್ಮಲ್ಲಿ ಆ ವಿಷಯಗಳ ಇಂಗ್ಲಿಷ್ ಪುಸ್ತಕಗಳು ಎರಡು ರ‍್ಯಾಕ್ ತುಂಬ ಇದ್ದವು, ಮತ್ತು ಸೊನ್ನೆಯ ಪಟ್ಟಿಯಲ್ಲಿ ಅವುಗಳದ್ದೂ ದೊಡ್ಡ ಪಾಲು. ಅವು ಓದಿಸಿಕೊಳ್ಳದಿದ್ದುದಕ್ಕೆ ಕಾರಣ ವಿಷಯವಾಗಿರಲಿಲ್ಲ, ಭಾಷೆಯಾಗಿತ್ತು.

ನಾನು ಮಾಡಿದ ತಪ್ಪನ್ನೂ ಇಲ್ಲಿ ಬರೆಯಬೇಕು. ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ನಮ್ಮ ರಾಜ್ಯದಲ್ಲಿ 2021-22ರಲ್ಲಿ ಜಾರಿಯಾದಾಗ ಮುಕ್ತ ಐಚ್ಛಿಕ ವಿಷಯಗಳು ಬಂದವು. ಅವುಗಳಲ್ಲೊಂದರ ಪುಸ್ತಕ ಎರಡು ಸೆಮಿಸ್ಟರ್ ಸತತವಾಗಿ ಪ್ರತಿಗೆ ಆರಕ್ಕಿಂತ ಹೆಚ್ಚು ಬಾರಿ ಇಶ್ಯೂ ಆದದ್ದನ್ನು ಕಂಡು, ಲೆಕ್ಕ ಇಷ್ಟು ಸ್ಪಷ್ಟವಾಗಿರುವಾಗ ಸಮಿತಿಯನ್ನು ಕೇಳುವುದೇನೆಂದು 2023ರ ಡಿಸೆಂಬರ್‌ನಲ್ಲಿ 30 ಪ್ರತಿ ತರಿಸಿದೆ. 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿ ಪಠ್ಯಕ್ರಮ ಬದಲಾಯಿತು. ಆ 30ರಲ್ಲಿ 26 ಪ್ರತಿಗಳ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹೊಳೆಯುತ್ತಿದೆ. ಎರವಲಿನ ದಾಖಲೆ ಹಿಂದಿನ ವರ್ಷದ ಟೈಮ್‌ಟೇಬಲ್ ಏನಿತ್ತೆಂಬುದನ್ನು ಹೇಳುತ್ತದೆ; ಮುಂದಿನ ವರ್ಷದ್ದನ್ನು ತಿಳಿಯಲು ಅಧ್ಯಾಪಕರ ಕೊಠಡಿಗೆ ಹೋಗಿ ಕೇಳಬೇಕಿತ್ತು.

ಈ ನಡುವೆ, ಯಾವ ಅಧ್ಯಾಪಕರು ವರ್ಷಕ್ಕೆ ಎಷ್ಟು ಪುಸ್ತಕ ಒಯ್ಯುತ್ತಾರೆ ಎಂಬ ವರದಿಯನ್ನೂ ಹಾಗೆಯೇ ತೆಗೆದುಕೊಡಿ ಎಂಬ ಸೂಚನೆ ಬಂತು. ಪುಸ್ತಕದ ಲೆಕ್ಕ ಕೊಡಬಲ್ಲೆ, ಓದುಗರ ಲೆಕ್ಕ ಕೊಡಲಾರೆ ಎಂದೆ. ಹಳೆಯ ಎರವಲುಗಳಿಂದ ಸದಸ್ಯರ ಗುರುತನ್ನು ಅಳಿಸಿ, ಪುಸ್ತಕದ ಎಣಿಕೆಯನ್ನು ಮಾತ್ರ ಉಳಿಸುವ ಸೌಲಭ್ಯ ಕೋಹಾದಲ್ಲಿದೆ; ಆ ವಾರವೇ ಅದನ್ನು ಬಳಸಿದೆ.

2024ರ ಜೂನ್‌ನಲ್ಲಿ ಸಮಿತಿಯ ಮುಂದಿಟ್ಟ ಅಂತಿಮ ಪಟ್ಟಿಯಲ್ಲಿ 1,740 ಪುಸ್ತಕಗಳಿದ್ದವು. ವ್ಯಾಟ್ ಪುಸ್ತಕಗಳು, ವಿಂಡೋಸ್ 98ರ ಕೈಪಿಡಿಗಳು, ಮೂರು ಪಠ್ಯಕ್ರಮ ಹಿಂದಿನ ಗೈಡುಗಳು, ಗೆದ್ದಲು ತಿಂದು ಉಳಿದವು. ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ನೋಡಿ, ಸಂಬಂಧಪಟ್ಟ ವಿಭಾಗದವರ ಸಹಿ ಪಡೆದು ಸೇರಿಸಿದ್ದೆವು. ವರದಿಯಲ್ಲಿ ಸೊನ್ನೆ ಎಂದು ಬಂದದ್ದೇ ಕಾರಣವಾಗಿ ಒಂದು ಪುಸ್ತಕವೂ ಅದರಲ್ಲಿರಲಿಲ್ಲ. ಕಳೆದುಹೋದ ಪುಸ್ತಕಗಳ ರೈಟ್ ಆಫ್, ಅಂದರೆ ಲೆಕ್ಕದಿಂದ ತೆಗೆದುಹಾಕುವುದು, ಕೂಡ ಅದೇ ಸಭೆಯಲ್ಲಿ ಚರ್ಚೆಗೆ ಬಂತು. ಮಾನದಂಡವಾಗಿ ನಾವು ಇಟ್ಟುಕೊಂಡದ್ದು ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೆಯ ನಿಯಮ: ವರ್ಷದಲ್ಲಿ ಎರವಲು ಕೊಟ್ಟ ಅಥವಾ ಪರಾಮರ್ಶೆಗೆ ಒದಗಿಸಿದ ಪ್ರತಿ 1,000 ಪುಸ್ತಕಗಳಿಗೆ ಐದು ಕಳೆದುಹೋದರೆ, ಅದರ ಹಿಂದೆ ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಇಲ್ಲದಿದ್ದರೆ, ಸಹಜ ನಷ್ಟವೆಂದು ಒಪ್ಪಬಹುದು. ಈ ನಿಯಮವನ್ನು ಎಷ್ಟೋ ಸಲ ಓದಿದ್ದ ನನಗೆ ‘ಪರಾಮರ್ಶೆಗೆ’ ಎಂಬ ಪದ ಕಣ್ಣಿಗೆ ಬಿದ್ದದ್ದು ಆವತ್ತೇ. ಒಳಬಳಕೆಯನ್ನು ಎಣಿಸದೆ ಇಷ್ಟು ವರ್ಷ ನಾವು ಛೇದವನ್ನು ಚಿಕ್ಕದಾಗಿಸಿಕೊಂಡು, ಇರುವುದಕ್ಕಿಂತ ಹೆಚ್ಚು ಪುಸ್ತಕ ಕಳೆಯುವವರಂತೆ ಲೆಕ್ಕ ಒಪ್ಪಿಸುತ್ತಿದ್ದೆವು.

ತೆಗೆದವುಗಳ ಪೈಕಿ ಓದಲು ಯೋಗ್ಯವಾದ ಹೆಚ್ಚುವರಿ ಕಾದಂಬರಿ ಪ್ರತಿಗಳು ಎರಡು ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೆ, ಅಂದರೆ ಅಲ್ಲಿನ ಗ್ರಂಥಾಲಯಗಳಿಗೆ, ಹೋದವು. ವ್ಯಾಟ್ ಪುಸ್ತಕಗಳನ್ನು ಅಲ್ಲಿಗೆ ಕಳಿಸುವ ಪ್ರಸ್ತಾಪವನ್ನು ನಾನು ಒಪ್ಪಲಿಲ್ಲ, ಅವು ರದ್ದಿಗೆ ಹೋದವು. ಲ್ಯಾಬಿಗೆ ಅರ್ಧ ಕೋಣೆಯ ಬದಲು ಕಾಲು ಕೋಣೆ ಸಿಕ್ಕಿತು. ಪ್ರಾಂಶುಪಾಲರಿಗೆ ಇದರಿಂದ ಪೂರ್ತಿ ಸಂತೋಷವಾಗಲಿಲ್ಲ. ತೀರ್ಮಾನಕ್ಕೆ ಬಾರದ 600 ಚಿಲ್ಲರೆ ಪುಸ್ತಕಗಳನ್ನು ಬಾಗಿಲ ಬಳಿಯ ರ‍್ಯಾಕಿಗೆ ತಂದು ಎರಡು ವರ್ಷದ ಗಡುವು ಕೊಟ್ಟಿದ್ದೇವೆ.

ಮೊನ್ನೆ ಸಂಜೆ ಬಾಗಿಲು ಹಾಕುವಾಗ ಕಿಟಕಿಯ ಕಟ್ಟೆಯ ಮೇಲೆ ಶಾಸನಗಳ ಏಳನೆಯ ಸಂಪುಟ ಮಗುಚಿ ಇಟ್ಟಂತೆ ತೆರೆದೇ ಇತ್ತು. ಮೇಜಿನ ಮೇಲೆ ಇಲ್ಲದ್ದನ್ನು ಎಣಿಸಬಹುದೇ ಎಂದು ಸಹಾಯಕರು ಕೇಳಿದರು. ಎಣಿಸಿ ಎಂದೆ. ಅವರು ಪುಟದ ನಡುವೆ ಒಂದು ಚೀಟಿ ಇಟ್ಟು ಮುಚ್ಚಿ, ಸ್ಕ್ಯಾನ್ ಮಾಡಿ, ನಾಳೆ ಆ ಓದುಗರು ಮತ್ತೆ ಬರಬಹುದೆಂದು ಕೌಂಟರಿನ ಮೇಲೆಯೇ ಇಟ್ಟರು.